ಗುಡಾರದ ತನಕ ಬನ್ನಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಆಯುಕ್ತರಿಗೆ, ಎಲ್ಲ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಕುರಿಗಾಹಿ ಮನೆಯ ಮಗಳು. ಓದಿಕೊಂಡು ಈಗ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಅಣ್ಣ, ವೈನಿ (ಅಣ್ಣನ ಹೆಂಡತಿ) ಈಗಲೂ ಕುರಿ ಹಿಂದೆ ಹೋಗುತ್ತಾರೆ. ದೀಪಾವಳಿ ಪಾಡ್ಯದ ದಿನ ಹಟ್ಟಿಯಲ್ಲಿ ಕುರಿ ಪೂಜೆ ಮಾಡಿ, ಹಾಲು ಉಕ್ಕಿಸುತ್ತೇವೆ. ಅದಾದ ನಾಲ್ಕೈದು ದಿನಕ್ಕೆ ಹಿಂಡು ಹೊರಡುತ್ತದೆ. ಕುದುರೆ ಮೇಲೆ ಗುಡಾರ, ಪಾತ್ರೆ, ಹಿಟ್ಟಿನ ಚೀಲ, ಇನ್ನೂ ಕಾಲು ಬಲಿಯದ ಕುರಿಮರಿ. ಅದರ ಪಕ್ಕದಲ್ಲೇ ಕಂಕುಳಲ್ಲಿ ಕೂಸು ಕಟ್ಟಿಕೊಂಡ ಹೆಂಗಸರು. ಮತ್ತೆ ಊರು ಕಾಣುವುದು ಮುಂಗಾರಿನ ಹೊತ್ತಿಗೆ. ನಡುವಿನ ಆರೇಳು ತಿಂಗಳು ಇವತ್ತು ಈ ಹೊಲ, ನಾಡಿದ್ದು ಆ ಹೊಲ.

ಆ ಆರೇಳು ತಿಂಗಳಲ್ಲಿ ಒಬ್ಬ ಹೆಣ್ಣುಮಗಳಿಗೆ ಇನ್ನೊಂದು ಮಗು ಈಗಲೇ ಬೇಡ ಅನ್ನಿಸಿದರೆ ಅವಳು ಎಲ್ಲಿಗೆ ಹೋಗಬೇಕು? ಇದನ್ನು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ವೈನಿಯ ವಿಷಯ ಹೇಳುತ್ತೇನೆ. ಅವಳೇ ಬರೆ ಅಂದಿದ್ದಾಳೆ, ಹೆಸರು ಮಾತ್ರ ಬೇಡ ಅಂದಳು.

ಅವಳಿಗೆ ಆಗ 24 ವರ್ಷ. ದೊಡ್ಡವನಿಗೆ ಮೂರು ವರ್ಷ, ಸಣ್ಣವಳಿಗೆ ಎಂಟು ತಿಂಗಳು. ಮೂರು ವರ್ಷ ಬಿಡುವು ಬೇಕು ಅಂತ ಅವಳೇ ಹೇಳಿ, ಊರಿನ ಆಶಾ ಅಕ್ಕನ ಜೊತೆ ಹೋಗಿ ಅಂತರಾ ಚುಚ್ಚುಮದ್ದು ಹಾಕಿಸಿಕೊಂಡಳು. ಬಸುರು ನಿಲ್ಲದಂತೆ ಮೂರು ತಿಂಗಳಿಗೆ ಒಂದು ಸಲ ಹಾಕಿಸಿಕೊಳ್ಳುವ ಸೂಜಿ ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಒಂದು ಕಾರ್ಡ್ ಕೊಟ್ಟರು. ಮುಂದಿನ ತಾರೀಕು ಬರೆದುಕೊಟ್ಟರು. ಅವಳು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ರೊಟ್ಟಿ ಕಟ್ಟುವ ಬಟ್ಟೆಯ ಗಂಟಿನಲ್ಲಿ ಇಟ್ಟುಕೊಂಡಳು. ಮಳೆ ಬಂದರೂ ಮೊದಲು ಒಳಗೆ ಹೋಗುವುದು ರೊಟ್ಟಿ ಗಂಟೇ ಅಲ್ವಾ, ಅದಕ್ಕೆ.

ಜನವರಿಯಲ್ಲಿ ತಾರೀಕು ಬಂದಾಗ ಹಿಂಡು ಎರಡು ಜಿಲ್ಲೆ ಆಚೆ ಇತ್ತು. ಕುರಿಗಳನ್ನು ಅಣ್ಣನಿಗೆ ಬಿಟ್ಟು, ಕೂಸನ್ನು ಎತ್ತಿಕೊಂಡು, ಕೇಳುತ್ತಾ ಕೇಳುತ್ತಾ ನಾಲ್ಕು ಕಿಲೋಮೀಟರ್ ನಡೆದು ಒಂದು ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿದ್ದ ಸಿಸ್ಟರ್ ಕಾರ್ಡ್ ನೋಡಿದರು. "ಇದು ನಮ್ಮ ಏರಿಯಾದ್ದಲ್ಲ. ಮೊದಲು ಎಲ್ಲಿ ಹಾಕಿಸಿದ್ರೋ ಅಲ್ಲೇ ಹೋಗಿ" ಅಂದರು. ಅಲ್ಲೇ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಿ ಒಂದು ಇಡೀ ದಿನದ ದಾರಿ. ವಾಪಸ್ ಬರುವಷ್ಟರಲ್ಲಿ ಹಿಂಡು ಬೇರೆ ಕಡೆ ಹೋಗಿರುತ್ತದೆ. ವೈನಿ ಸುಮ್ನೆ ಗುಡಾರಕ್ಕೆ ಬಂದಳು.

ಆ ಸಿಸ್ಟರ್ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಕೊಟ್ಟ ಪಟ್ಟಿಯಲ್ಲಿ ನನ್ನ ವೈನಿ ಇರಲಿಲ್ಲ, ಅಷ್ಟೇ. ಆದರೆ ಒಂದು ಮಾತು ಅವರು ಹೇಳಬಹುದಿತ್ತು. ಅಂತರಾ ಸೂಜಿಯನ್ನು ತಾರೀಕಿಗಿಂತ ಎರಡು ವಾರ ಮೊದಲೂ ಹಾಕಿಸಬಹುದು, ನಾಲ್ಕು ವಾರ ತಡವಾದರೂ ಹಾಕಿಸಬಹುದು. ಇದು ಇಲಾಖೆಯದೇ ನಿಯಮ. ಅವಳ ಹತ್ತಿರ ಇನ್ನೂ ಒಂದು ತಿಂಗಳು ಇತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ಅದೇ ವಾರ ಅವರು ಬೀಡುಬಿಟ್ಟಿದ್ದ ಹೊಲಕ್ಕೇ ಪಶುವೈದ್ಯರು ಬಂದರು. ಪಿಪಿಆರ್ ರೋಗಕ್ಕೆ, ನಮ್ಮ ಕಡೆ ಹಿರೇಬೇನೆ ಅನ್ನುತ್ತಾರಲ್ಲ ಅದಕ್ಕೆ, ಇಡೀ ಹಿಂಡಿಗೆ ಲಸಿಕೆ ಹಾಕಿದರು. ಒಂದೊಂದೇ ಕುರಿಯನ್ನು ಹಿಡಿದು ಕೊಟ್ಟವಳು ವೈನಿ. ಆ ರಾತ್ರಿ ಫೋನಿನಲ್ಲಿ ನನಗೆ ಅಂದಳು: "ಕುರಿಗೆ ಸೂಜಿ ಹಾಕಾಕ ಡಾಕ್ಟರು ಹೊಲಕ್ಕ ಬಂದಿದ್ರು ನೋಡ ತಂಗಿ. ಯಾವ ಊರ ಕುರಿ ಅಂತ ಯಾರೂ ಕೇಳಲಿಲ್ಲ."

ಮುಂಗಾರಿಗೆ ಊರಿಗೆ ಬರುವಾಗ ಅವಳಿಗೆ ಎರಡು ತಿಂಗಳು. ಮುಂದಿನ ದೀಪಾವಳಿಗೆ ಏಳು ತಿಂಗಳ ಬಸುರಿ, ಆಗಲೂ ಹಿಂಡಿನ ಜೊತೆ ಹೊರಟಳು. ದಿನಕ್ಕೆ ಎಂಟು-ಹತ್ತು ಕಿಲೋಮೀಟರ್ ನಡಿಗೆ, ಬೀಡು ಬಿಟ್ಟ ಮೇಲೆ ನೀರು, ಕಟ್ಟಿಗೆ, ಒಲೆ. ರಕ್ತ ಕಡಿಮೆ ಇತ್ತು. ದಿನ ತುಂಬುವಾಗ ಬಸ್ಸು ಹತ್ತಿ ತವರಿಗೆ ಬಂದಳು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಹೆರಿಗೆಯಾದ ಮರುದಿನವೇ ಎಲ್ಲರೂ ಸೇರಿ "ಮೂರಾಯ್ತಲ್ಲ, ಆಪರೇಷನ್ ಮಾಡಿಸಿಬಿಡು, ಮತ್ತೆ ಸಿಗೋದಿಲ್ಲ ನೀನು" ಅಂದರು. ಮಾಡಿಸಿಕೊಂಡಳು. ಅವಳು ಕೇಳಿದ್ದು ಮೂರು ವರ್ಷದ ಬಿಡುವು. ಕೇಳಿದಾಗ ಏನೂ ಸಿಗಲಿಲ್ಲ. ಆಮೇಲೆ ಸಿಕ್ಕಿದ್ದು ಜೀವಮಾನಕ್ಕೆ ಆಗುವಂಥದ್ದು.

ಇದು ನಮ್ಮ ಒಂದು ಮನೆಯ ಕತೆ ಮಾತ್ರ ಅಲ್ಲ. 2019ರ ಜಾನುವಾರು ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ 1.1 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಾವೇ ಮುಂದು. ಕುರಿ ಎಷ್ಟಿವೆ ಅಂತ ಲೆಕ್ಕ ಇದೆ. ಅವುಗಳ ಹಿಂದೆ ನಡೆಯುವ ಜನ ಎಷ್ಟು ಅಂತ ಯಾರೂ ಎಣಿಸಿರಲಿಲ್ಲ. 2024ರಲ್ಲಿ ಶುರುವಾದ 21ನೇ ಜಾನುವಾರು ಗಣತಿಯಲ್ಲಿ ಮೊದಲ ಸಲ ಪಶುಪಾಲಕರ ಮಾಹಿತಿಯನ್ನೂ ಕೇಳಿದರು. ಅಲ್ಲೂ ನಮ್ಮನ್ನು ಎಣಿಸಿದ್ದು ಜಾನುವಾರಿನ ಮೂಲಕವೇ.

ಈಗ ಕುಟುಂಬ ಕಲ್ಯಾಣದ ಅಂಕಿ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019-21. ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಮದುವೆಯಾದ ಹೆಂಗಸರಲ್ಲಿ ಶೇ 57ರಷ್ಟು ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಹೆಚ್ಚುಕಡಿಮೆ ಸೊನ್ನೆ. ಸರಾಸರಿ ನೋಡಿದರೆ ರಾಜ್ಯ ಗೆದ್ದಿದೆ. ಆದರೆ ಈ ಸಮೀಕ್ಷೆ ನಡೆಯುವುದು ಮನೆಗಳಲ್ಲಿ. ಬಾಗಿಲು ತಟ್ಟಿ ಕೇಳುತ್ತಾರೆ. ಹೊಲದಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸಿ, ಅದರ ಪಕ್ಕ ನಾಲ್ಕು ಕೋಲಿನ ಗುಡಾರದಲ್ಲಿ ಮಲಗಿದವಳ ಬಾಗಿಲು ಯಾವುದು?

ನಿಮ್ಮ ವ್ಯವಸ್ಥೆ ಇಡೀ ನಿಂತಿರುವುದು ಊರಿನ ಮೇಲೆ. ಸಾವಿರ ಜನಕ್ಕೆ ಒಬ್ಬರು ಆಶಾ ಕಾರ್ಯಕರ್ತೆ. ಆ ಸಾವಿರ ಜನ ಯಾರು ಅಂತ ಅವರ ವಹಿಯಲ್ಲಿ ಬರೆದಿರುತ್ತದೆ. ಅವರ ಕೆಲಸದ ಲೆಕ್ಕ, ಪ್ರೋತ್ಸಾಹಧನ ಎಲ್ಲ ಆ ಹೆಸರುಗಳ ಮೇಲೆ. ನನ್ನ ವೈನಿಯ ಹೆಸರು ನಮ್ಮೂರಿನ ವಹಿಯಲ್ಲಿದೆ, ಆದರೆ ಅವಳು ಊರಲ್ಲಿಲ್ಲ. ಅವಳು ಇರುವ ಊರಿನ ವಹಿಯಲ್ಲಿ ಅವಳ ಹೆಸರಿಲ್ಲ. ಫೋನ್ ನಂಬರ್ ಅಂತ ಬರೆದಿರುವುದು ಗಂಡನದು. ಅವನು ಬೆಳಗ್ಗೆಯೇ ಫೋನ್ ಜೇಬಿಗೆ ಹಾಕಿಕೊಂಡು ಕುರಿ ಹೊಡೆದುಕೊಂಡು ಹೋಗಿರುತ್ತಾನೆ. ನೀವು ಕಳಿಸಿದ ಮೆಸೇಜ್ ಅವಳಿಗೆ ಮುಟ್ಟುವುದೇ ಇಲ್ಲ.

ಇದನ್ನು ಸರಿ ಮಾಡುವುದು ಆಗದ ಕೆಲಸ ಅಂತ ದಯವಿಟ್ಟು ಹೇಳಬೇಡಿ. ನೀವೇ ಮಾಡಿ ತೋರಿಸಿದ್ದೀರಿ. ನಾನು ಸಣ್ಣವಳಿದ್ದಾಗ ಪೋಲಿಯೊ ಹನಿ ಹಾಕಲು ನಮ್ಮ ಗುಡಾರ ಹುಡುಕಿಕೊಂಡು ಬಂದಿದ್ದರು. ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು, ಬದುವಿನ ಮೇಲೆ ಸೀರೆ ಎತ್ತಿ ಹಿಡಿದು ನಡೆದು ಬಂದ ಇಬ್ಬರು ಅಕ್ಕಂದಿರು. ಯಾವ ಊರು ಅಂತ ಕೇಳಿ ಬರೆದುಕೊಂಡರು, ಆದರೆ ಅದಕ್ಕೂ ಮೊದಲು ಹನಿ ಹಾಕಿದರು. ನನ್ನ ಕಿರುಬೆರಳಿಗೆ ಮಸಿ ಹಚ್ಚಿದ್ದು ಇನ್ನೂ ನೆನಪಿದೆ. ಹಾಗೆ ಯಾರನ್ನೂ ಬಿಡದೆ ಹೋಗಿದ್ದಕ್ಕೇ 2014ರಲ್ಲಿ ದೇಶ ಪೋಲಿಯೊಮುಕ್ತ ಆಯಿತು.

ಪಶುಸಂಗೋಪನೆ ಇಲಾಖೆಯವರು ಈಗಲೂ ಮಾಡುತ್ತಿದ್ದಾರೆ. 1962ಕ್ಕೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ಗಾಡಿ ಕುರಿ ಇದ್ದಲ್ಲಿಗೇ ಬರುತ್ತದೆ. ಆ ಗಾಡಿಯಲ್ಲಿ ಒಬ್ಬ ನರ್ಸಬಾಯಿಗೆ ಒಂದು ಸೀಟು ಯಾಕೆ ಇರಬಾರದು? ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ಮಾತೇನಲ್ಲ. ಆಫ್ರಿಕಾದ ಚಾಡ್ ದೇಶದಲ್ಲಿ ಸುಮಾರು 2000ನೇ ಇಸವಿಯ ಹೊತ್ತಿಗೆ ಅಲೆಮಾರಿ ದನಗಾಹಿಗಳ ಬಿಡಾರಗಳಿಗೆ ಹೋಗಿ ನೋಡಿದಾಗ, ದನಗಳಿಗೆ ಲಸಿಕೆ ಆಗಿತ್ತು, ಪೂರ್ತಿ ಲಸಿಕೆ ಆದ ಒಂದು ಮಗುವೂ ಸಿಗಲಿಲ್ಲ. ಆಮೇಲೆ ಅಲ್ಲಿ ಪಶುವೈದ್ಯರು ಮತ್ತು ಆರೋಗ್ಯ ಸಿಬ್ಬಂದಿ ಒಟ್ಟಿಗೆ ಹೊರಟರು. ಗಾಡಿ ಒಂದೇ, ಲಸಿಕೆ ತಣ್ಣಗಿಡುವ ಪೆಟ್ಟಿಗೆಯೂ ಹಂಚಿಕೊಂಡಿದ್ದು. ಖರ್ಚು ಉಳಿಯಿತು, ಮಕ್ಕಳಿಗೂ ಲಸಿಕೆ ಮುಟ್ಟಿತು. ಕೀನ್ಯಾದ ಉತ್ತರದ ಒಣ ಸೀಮೆಯಲ್ಲಿ ರಸ್ತೆ ಇಲ್ಲದ ಕಡೆ ಒಂಟೆ ಮೇಲೆ ಔಷಧ ಹೇರಿಕೊಂಡು ಪಶುಪಾಲಕರ ಹಟ್ಟಿಗಳಿಗೆ ಕುಟುಂಬ ಯೋಜನೆಯ ಸೇವೆ ಕೊಟ್ಟವರಿದ್ದಾರೆ. ನಮಗೆ ಒಂಟೆ ಬೇಕಿಲ್ಲ. ನಮ್ಮ ಹಿಂಡು ನಿಲ್ಲುವುದು ಡಾಂಬರು ರಸ್ತೆಯಿಂದ ಒಂದೆರಡು ಹೊಲ ಒಳಗೆ.

ಹಿಂಡು ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಬಹುದು. ಹಿಂಡು ಮನಸ್ಸು ಬಂದ ಕಡೆ ಹೋಗುವುದಿಲ್ಲ. ಅಪ್ಪ, ಅಜ್ಜ ಹೋದ ದಾರಿಯಲ್ಲೇ ಹೋಗುತ್ತದೆ. ಗೊಬ್ಬರಕ್ಕೆ ಅಂತ ರೈತರು ಕುರಿ ನಿಲ್ಲಿಸಿಕೊಳ್ಳುತ್ತಾರೆ, ಕಾಳು-ಕಡಿ ಕೊಡುತ್ತಾರೆ. ಯಾವ ವಾರ ಯಾರ ಹೊಲ ಅಂತ ಎಷ್ಟೋ ಸಲ ಮೊದಲೇ ಮಾತಾಗಿರುತ್ತದೆ. ಹೊರಡುವ ಮುಂಚೆ ನಮ್ಮ ಹಟ್ಟಿಗೆ ಬಂದು ಹಿರಿಯರನ್ನು ಕೇಳಿ. ಇಡೀ ದಾರಿಯನ್ನು ಕೂತಲ್ಲೇ ಹೇಳುತ್ತಾರೆ. ಅದನ್ನು ಬರೆದುಕೊಂಡು ದಾರಿಯಲ್ಲಿರುವ ಆರೋಗ್ಯ ಕೇಂದ್ರಗಳಿಗೆ ಕೊಡಿ. ನವೆಂಬರಿನಲ್ಲಿ ಇಷ್ಟು ಕುಟುಂಬ ನಿಮ್ಮ ಕಡೆ ಬರುತ್ತವೆ, ಅವರಲ್ಲಿ ಇಷ್ಟು ಜನರಿಗೆ ಜನವರಿಯಲ್ಲಿ ಅಂತರಾ ಇದೆ ಅಂತ ಗೊತ್ತಿದ್ದರೆ ಸಿಸ್ಟರ್ ಕೂಡ ಔಷಧ ತರಿಸಿಟ್ಟುಕೊಳ್ಳುತ್ತಾರೆ. ಕಾರ್ಡ್ ಯಾವ ಜಿಲ್ಲೆಯದೇ ಇರಲಿ, ಎಲ್ಲಿ ತೋರಿಸಿದರೂ ಸೂಜಿ ಹಾಕಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಬೇರೆ ಊರಿನ ಹೆಣ್ಣುಮಗಳಿಗೆ ಸೇವೆ ಕೊಡಿಸಿದ ಆಶಾ ಅಕ್ಕನಿಗೂ ಆ ಕೆಲಸ ಲೆಕ್ಕಕ್ಕೆ ಬರಬೇಕು. ಅವರೂ ಬಡವರೇ. ಬಿಟ್ಟಿ ಕೆಲಸ ಮಾಡಿ ಅಂತ ನಾವು ಕೇಳುವುದಿಲ್ಲ. ಕುರಿ ಹಿಂಡುಗಳು ಮಹಾರಾಷ್ಟ್ರ, ತೆಲಂಗಾಣದ ಕಡೆಗೂ ಹೋಗುತ್ತವೆ, ಆ ರಾಜ್ಯಗಳ ಜೊತೆಗೂ ಈ ಮಾತು ಆಗಬೇಕು.

ಇನ್ನು, ಯಾವ ವಿಧಾನ ಅನ್ನುವುದು. ಇಲ್ಲಿ ನನಗೆ ಸ್ವಲ್ಪ ಜಾಸ್ತಿ ಹೇಳುವುದಿದೆ.

ನಮ್ಮ ಹೆಂಗಸರಿಗೆ ಕುಟುಂಬ ಯೋಜನೆ ಅಂದರೆ ಆಪರೇಷನ್ ಅಂತಲೇ ಗೊತ್ತು. ನಡುವೆ ಬೇರೆ ಏನಾದರೂ ಇದೆ ಅಂತ ಕೂತು ಹೇಳಿದವರು ಕಡಿಮೆ. ಆಪರೇಷನ್ ಆದವಳು ಒಂದು ವಾರವಾದರೂ ಭಾರ ಎತ್ತಬಾರದು, ಸುಧಾರಿಸಿಕೊಳ್ಳಬೇಕು. ಹಿಂಡಿನಲ್ಲಿ ಒಂದು ವಾರ ಕೂತು ಉಣ್ಣುವ ಹೆಂಗಸು ಇರುವುದಿಲ್ಲ. ಗುಡಾರ ಕಟ್ಟುವವಳು ಅವಳು, ಬಿಚ್ಚುವವಳು ಅವಳು.

ಛಾಯಾ ಮಾತ್ರೆ ನೋಡಿ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು, ನಮ್ಮ ದೇಶದ್ದೇ. ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ ಒಂದು. ಫ್ರಿಜ್ ಬೇಕಿಲ್ಲ, ಸೂಜಿ ಬೇಕಿಲ್ಲ. ನಮ್ಮವರಿಗೆ ತಾರೀಕು ನೆನಪಿರುವುದಿಲ್ಲ, ಸಂತೆ ದಿನ ನೆನಪಿರುತ್ತದೆ. "ಸಂತೆ ದಿನ ನುಂಗು" ಅಂದರೆ ಮುಗಿಯಿತು. ಆದರೆ ತಿಂಗಳಿಗೆ ಒಂದೊಂದೇ ಪಟ್ಟಿ ಕೊಟ್ಟು ಮತ್ತೆ ಬಾ ಅಂದರೆ ಪ್ರಯೋಜನ ಇಲ್ಲ. ತಪಾಸಣೆ ಮಾಡಿ, ಅವಳಿಗೆ ಆಗಿಬರುತ್ತದೆ ಅಂತ ನೋಡಿಕೊಂಡು, ಹೊರಡುವ ಮುಂಚೆ ಏಳು ತಿಂಗಳಿನದು ಒಟ್ಟಿಗೆ ಕೊಡಿ. ನಿರೋಧ್ ಕೂಡ ಹಾಗೆಯೇ.

ಹೆರಿಗೆಗೆ ನಮ್ಮ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಈಗ ಹೆಚ್ಚಿನವರು ಆಸ್ಪತ್ರೆಯಲ್ಲೇ ಹೆರುತ್ತಾರೆ. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ, ನಾವು ವಂಕಿ ಅನ್ನುವುದು, ಹಾಕಬಹುದು. ಒಂದು ಬಗೆಯದು ಐದು ವರ್ಷ, ಇನ್ನೊಂದು ಹತ್ತು ವರ್ಷ. ಬೇಡವಾದಾಗ ತೆಗೆಸಬಹುದು. ನಡೆಯುವ ಹೆಣ್ಣಿಗೆ ಇದಕ್ಕಿಂತ ಅನುಕೂಲದ್ದು ಏನಿದೆ? ಆದರೆ ಈ ಮಾತನ್ನು ಹೆರಿಗೆ ನೋವಿನ ನಡುವೆ ಹೇಳಬೇಡಿ. ಏಳನೇ ತಿಂಗಳಲ್ಲಿ ತಾಯಿ ಕಾರ್ಡ್ ನೋಡುವಾಗ ಹೇಳಿ. ಅವಳು ಗಂಡನ ಜೊತೆ ಮಾತಾಡಿ, ಅತ್ತೆಯನ್ನು ಒಪ್ಪಿಸಿ, ತೀರ್ಮಾನ ಮಾಡಿಕೊಂಡು ಬರಲಿ. ಮತ್ತೆ, ತೆಗೆಸಬೇಕು ಅಂತ ಬಂದರೆ ಯಾವ ಊರಲ್ಲಾದರೂ ಬೈಯದೆ ತೆಗೆಯಬೇಕು. ತೆಗೆಯುವುದಿಲ್ಲ ಅಂತ ಒಬ್ಬಳಿಗೆ ಹೇಳಿದರೆ ಹತ್ತು ಜನ ಹಾಕಿಸಿಕೊಳ್ಳುವುದಿಲ್ಲ.

ಅಂತರಾ ಹಾಕುವಾಗ ಅಡ್ಡ ಪರಿಣಾಮ ಮುಚ್ಚಿಡಬೇಡಿ. ಕೆಲವರಿಗೆ ಮುಟ್ಟು ಏರುಪೇರಾಗುತ್ತದೆ, ಆಗಾಗ ರಕ್ತ ಕಾಣಿಸುತ್ತದೆ, ಆಮೇಲೆ ಮುಟ್ಟೇ ನಿಲ್ಲಬಹುದು. ಸೂಜಿ ಬಿಟ್ಟ ಮೇಲೆ ಮತ್ತೆ ಬಸುರಾಗಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಮೊದಲೇ ಹೇಳಿದರೆ ಅವಳು ಹೆದರುವುದಿಲ್ಲ. ಹೇಳದಿದ್ದರೆ "ರಕ್ತ ಒಳಗೇ ಕಟ್ಟಿಕೊಂಡಿದೆ" ಅಂತ ಸುದ್ದಿ ಹಬ್ಬುತ್ತದೆ. ನೀರು ಸಿಗದ ಹೊಲದಲ್ಲಿ, ಸ್ನಾನಕ್ಕೆ ಮರೆ ಇಲ್ಲದ ಕಡೆ, ಹತ್ತು ದಿನ ರಕ್ತ ಹೋದರೆ ಅವಳ ಪಾಡು ಏನು ಅಂತ ಒಂದು ಸಲ ಯೋಚಿಸಿ. ಅದಕ್ಕೂ ಬಟ್ಟೆ, ಪ್ಯಾಡ್ ಕೊಟ್ಟು ಕಳಿಸಬೇಕು. ಈಗ ಚರ್ಮದಡಿಯಲ್ಲಿ ಹಾಕುವ ಸಣ್ಣ ಅಂತರಾ ಸೂಜಿಯೂ ಬರುತ್ತಿದೆ. ಉಗಾಂಡಾ, ಮಲಾವಿಯಂಥ ದೇಶಗಳಲ್ಲಿ ಹೆಂಗಸರು ಕಲಿತುಕೊಂಡು ತಾವೇ ಹಾಕಿಕೊಳ್ಳುತ್ತಾರೆ. ಕುರಿಗೆ ಸೂಜಿ ಹಾಕುವುದನ್ನು ನೋಡುತ್ತಲೇ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಅದು ಕಷ್ಟ ಆಗಲಾರದು. ಇಲ್ಲೂ ಕಲಿಸುವ ಬಗ್ಗೆ ಯೋಚಿಸಿ.

ಗಂಡಸರ ವಿಷಯ ಬಿಟ್ಟರೆ ಈ ಪತ್ರ ಅರ್ಧ. ಗಂಡಸರ ಆಪರೇಷನ್ ಹತ್ತು-ಹದಿನೈದು ನಿಮಿಷದ್ದು. ಹೊಲಿಗೆ ಇಲ್ಲ. ಅದೇ ದಿನ ನಡೆದು ಮನೆಗೆ ಹೋಗುತ್ತಾರೆ. ಎರಡು ದಿನ ಸುಧಾರಿಸಿಕೊಂಡು, ಒಂದು ವಾರ ಭಾರದ ಕೆಲಸ ಬಿಟ್ಟರೆ ಸಾಕು, ಮೂರು ತಿಂಗಳು ಮಾತ್ರ ನಿರೋಧ್ ಬಳಸಬೇಕು. ಆದರೂ ಯಾರೂ ಮುಂದೆ ಬರುವುದಿಲ್ಲ. ಗಂಡಸುತನ ಹೋಗುತ್ತದೆ, ಕೋಲು ಹಿಡಿದು ಹಿಂಡು ಕಾಯಲು ಶಕ್ತಿ ಇರುವುದಿಲ್ಲ ಅನ್ನುವ ಭಯ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಗಂಡಸರನ್ನು ಹಿಡಿದು ಆಪರೇಷನ್ ಮಾಡಿದ ಕತೆಗಳನ್ನು ಅಜ್ಜಂದಿರು ಇನ್ನೂ ಹೇಳುತ್ತಾರೆ. ಈ ಭಯ ಪೋಸ್ಟರ್ ಅಂಟಿಸಿದರೆ ಹೋಗುವುದಿಲ್ಲ. ಮಾಡಿಸಿಕೊಂಡ ಒಬ್ಬ ಕುರಿಗಾಹಿ ಇನ್ನೊಬ್ಬನಿಗೆ ಹೇಳಬೇಕು. ನೀವು ಪ್ರತಿ ವರ್ಷ ಗಂಡಸರಿಗಾಗಿ ಪಾಕ್ಷಿಕ ಮಾಡುತ್ತೀರಿ, ನವೆಂಬರ್ 21ರಿಂದ ಡಿಸೆಂಬರ್ 4ರ ತನಕ. ಅಷ್ಟೊತ್ತಿಗೆ ನಮ್ಮ ಗಂಡಸರು ಊರು ಬಿಟ್ಟು ಎರಡು-ಮೂರು ವಾರ ಆಗಿರುತ್ತದೆ! ಜುಲೈ 11ರ ವಿಶ್ವ ಜನಸಂಖ್ಯಾ ದಿನದ ಹೊತ್ತಿಗೆ ಎಲ್ಲರೂ ಊರಲ್ಲಿರುತ್ತಾರೆ. ಕುರಿಗಾಹಿಗಳ ಹಟ್ಟಿಗಳಿರುವ ತಾಲ್ಲೂಕುಗಳಲ್ಲಿ ಗಂಡಸರ ಕೆಲಸವನ್ನೂ ಆಗಲೇ ಮಾಡಿ. ಅಮೀನಗಡ, ಕೆರೂರಿನ ಕುರಿ ಸಂತೆಗೆ ಬನ್ನಿ. ಭಾರತ ಹುಣ್ಣಿಮೆಗೆ ಮೈಲಾರ, ಚಿಂಚಲಿ ಜಾತ್ರೆಗೆ ಎಲ್ಲಿದ್ದರೂ ನಮ್ಮ ಜನ ಬರುತ್ತಾರೆ. ಅಲ್ಲಿ ಒಂದು ಪೆಂಡಾಲ್ ಹಾಕಿ, ಒಳಗೆ ಹೆಂಗಸರು ಮಾತಾಡಲು ಒಂದು ಪರದೆ ಕಟ್ಟಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೊಲಕ್ಕೆ ಬನ್ನಿ ಅಂದರೆ ಹೊಲದಲ್ಲಿ ಆಪರೇಷನ್ ಶಿಬಿರ ಮಾಡಿ ಅಂತ ಅರ್ಥ ಅಲ್ಲ. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದಲ್ಲಿ ಅಂಥ ಶಿಬಿರದಲ್ಲಿ ಆಪರೇಷನ್ ಆದ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ನಿಲ್ಲಿಸಿ ಅಂತ ಹೇಳಿತು. ಆಪರೇಷನ್ ಆಸ್ಪತ್ರೆಯಲ್ಲೇ ಆಗಲಿ. ನಮ್ಮ ಮೇಲೆ ಟಾರ್ಗೆಟ್ ಬೇಡ. ಎಷ್ಟು ಮಕ್ಕಳು ಅನ್ನುವುದು ಆ ಗಂಡ-ಹೆಂಡತಿಯ ತೀರ್ಮಾನ. ಹಿಂಡು ಕಾಯಲು ಕೈ ಬೇಕು ಅಂತ ನಾಲ್ಕು ಮಕ್ಕಳನ್ನು ಬಯಸುವವರು ನಮ್ಮಲ್ಲಿದ್ದಾರೆ. ಅವರನ್ನು ಹೀಯಾಳಿಸಬೇಡಿ. ನಾನು ಕೇಳುತ್ತಿರುವುದು ನನ್ನ ವೈನಿಯಂತೆ ಈಗ ಬೇಡ ಅನ್ನುವವಳಿಗೆ, ಅವಳು ನಿಂತ ಜಾಗದಲ್ಲೇ, ಬೇಕಾದ ವಿಧಾನ ಸಿಗಲಿ ಅಂತ.

ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಸರ್ಕಾರವೇ ತೆರೆದ ಇಂಥ ಕ್ಲಿನಿಕ್ ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ಇಡೀ ದೇಶದ ಕಾರ್ಯಕ್ರಮ ಶುರುವಾಗಿದ್ದು 1952ರಲ್ಲಿ. ಅಂಥ ನಾಡು ನಮ್ಮದು. 2025ರಲ್ಲಿ ವಲಸೆ ಕುರಿಗಾಹಿಗಳ ರಕ್ಷಣೆ ಮತ್ತು ಕ್ಷೇಮಕ್ಕೆ ವಿಧಾನಮಂಡಲ ವಿಧೇಯಕವನ್ನೂ ಒಪ್ಪಿತು. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಸಾರಿದೆ. ಕುರಿ ಕಳ್ಳತನ, ಹಲ್ಲೆ, ಮೇವು, ಲಸಿಕೆ ಎಲ್ಲದರ ಬಗ್ಗೆ ಮಾತು ನಡೆಯುತ್ತಿದೆ. ನಡೆಯಲೇಬೇಕು. ಆ ಮಾತಿನಲ್ಲಿ ಹೆಂಗಸರ ಈ ವಿಷಯ ಬರುವುದೇ ಇಲ್ಲ, ಯಾಕೆಂದರೆ ಸಭೆಗೆ ಹೋಗುವವರು ಗಂಡಸರು. ಕುರಿಗಾಹಿ ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇದೆ: ಅಣ್ಣಾ, ಕಾಕಾ, ಗುರುತಿನ ಚೀಟಿ ಕೇಳುವಾಗ ಮನೆಯ ಹೆಂಗಸಿನ ಹೆಸರಿಗೂ ಒಂದು ಕೇಳಿ. ಆ ಚೀಟಿ ತೋರಿಸಿದರೆ ಯಾವ ಆರೋಗ್ಯ ಕೇಂದ್ರದಲ್ಲೂ ಸೇವೆ ಸಿಗಬೇಕು ಅಂತ ಕೇಳಿ.

ಆಯುಕ್ತರೇ, ಒಂದೇ ಸಲ ಎಲ್ಲ ಜಿಲ್ಲೆಯಲ್ಲಿ ಮಾಡಿ ಅಂತ ನಾನು ಕೇಳುವುದಿಲ್ಲ. ಒಂದು ತಾಲ್ಲೂಕು ತೆಗೆದುಕೊಳ್ಳಿ. ನಮ್ಮ ಹಟ್ಟಿಯಿಂದಲೇ ಶುರು ಮಾಡಿದರೂ ಆಯಿತು. ಈ ಸಲ ದೀಪಾವಳಿಗೆ ಎರಡು ವಾರ ಮುಂಚೆ ಒಬ್ಬ ಸಿಸ್ಟರನ್ನು ಕಳಿಸಿಕೊಡಿ, ಸಾಧ್ಯವಾದರೆ ನಮ್ಮ ಕಡೆಯ ಮಾತು ಬಲ್ಲವರನ್ನು. ಹೆಂಗಸರನ್ನು ನಮ್ಮ ಮನೆಯ ಪಡಸಾಲೆಯಲ್ಲಿ ನಾನೇ ಸೇರಿಸುತ್ತೇನೆ. ಹಿಂಡು ಹೋಗುವ ದಾರಿಯನ್ನು ಅಣ್ಣನ ಹತ್ತಿರ ಕೇಳಿ ಬರೆದಿಟ್ಟಿದ್ದೇನೆ, ಯಾವ ತಿಂಗಳು ಯಾವ ಊರು ಅಂತ. ನಮ್ಮ ಓಣಿಯಲ್ಲೇ ಆರು ಜನ ಎಳೆಯ ತಾಯಂದಿರು ಈ ವರ್ಷ ಹೊರಡುತ್ತಾರೆ. ಅವರಲ್ಲಿ ಒಬ್ಬಳ ಕೂಸಿಗೆ ಈಗ ನಾಲ್ಕು ತಿಂಗಳು. ಮೊನ್ನೆ ಬಂದು, "ಅಕ್ಕಾ, ವೈನಿ ಹಾಕಿಸಿಕೊಂಡಿದ್ಲಲ್ಲ ಆ ಸೂಜಿ, ದಾರ್ಯಾಗ ಸಿಗತೈತೇನ?" ಅಂತ ಕೇಳಿದಳು. ಕೇಳಿ ಹೇಳುತ್ತೇನೆ ಅಂದಿದ್ದೇನೆ.

ಇಂತಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ಕುರಿಗಾಹಿ ಮನೆಯ ಮಗಳು